ಚೀಟಿಯಲ್ಲಿ ಬಂದ ಯಕ್ಷಿ

ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ವಿಭಾಗದ ಕೊಠಡಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಚಿತ್ರವನ್ನಿಟ್ಟಳು. ಇಸ್ಪೀಟು ಎಲೆಗಿಂತ ತುಸು ದೊಡ್ಡದಾದ ದಪ್ಪ ಕಾಗದದ ಚೀಟಿ. ಕೊಳದ ದಡದ ಕಲ್ಲಿನ ಮೇಲೆ ರೆಕ್ಕೆಗಳುಳ್ಳ ಹೆಣ್ಣೊಬ್ಬಳು ಕುಳಿತಿದ್ದಾಳೆ. ಹಿನ್ನೆಲೆಯಲ್ಲಿ ಸಂಜೆಯ ಬೆಳಕು. ಮಡಿಲಲ್ಲಿ ಮುಚ್ಚಳ ಹಾಕಿದ ಪುಟ್ಟ ಪೆಟ್ಟಿಗೆ. ಚಿತ್ರದ ಕೆಳಗೆ ‘ಬಿಟ್ಟುಬಿಡು’ ಎಂಬರ್ಥದ ಇಂಗ್ಲಿಷ್ ಮಾತು.

“ಇದರ ಅರ್ಥ ಎಂತ ಸರ್?” ಎಂದು ಕೇಳಿದಳು.

ಅವಳ ಮನೆ ಮೊಗ್ರಾಲಿನಲ್ಲಿ. ಚಿಕ್ಕಮ್ಮನ ಮಗಳು ದುಬೈಯಿಂದ ರಜೆಗೆ ಬಂದಾಗ ಇಂತಹ ಚೀಟಿಗಳ ಒಂದು ಕಟ್ಟನ್ನೇ ತಂದಿದ್ದಳಂತೆ. ಫೇರಿ ಒರಾಕಲ್ ಕಾರ್ಡ್ ಎಂದು ಅದರ ಹೆಸರು. ಮನಸ್ಸಿನಲ್ಲಿ ಪ್ರಶ್ನೆಯೊಂದನ್ನು ನೆನೆದು, ಚೀಟಿಗಳನ್ನು ಕಲಸಿ, ಒಂದನ್ನು ಎತ್ತಬೇಕು. ಬಂದ ಚೀಟಿ ಉತ್ತರ ಹೇಳುತ್ತದೆ. ಕಟ್ಟಿನೊಂದಿಗೆ ಒಂದು ಕೈಪಿಡಿಯೂ ಇರುತ್ತದೆ. ಕೈಪಿಡಿಯನ್ನು ಓದಿಯೂ ಆಕೆಗೆ ಸಮಾಧಾನವಾಗಿರಲಿಲ್ಲ.

“ನೀನು ಕೇಳಿದ ಪ್ರಶ್ನೆ ಯಾವುದು?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಕನ್ನಡ ಎಂ.ಎ.ಗೆ ಅರ್ಜಿ ಹಾಕುವುದೋ, ಸೋದರಮಾವ ಮಂಗಳೂರಿನಲ್ಲಿ ನೋಡಿಟ್ಟಿರುವ ಕಚೇರಿ ಕೆಲಸಕ್ಕೆ ಸೇರುವುದೋ ಎಂಬುದು ಪ್ರಶ್ನೆ. ‘ಬಿಟ್ಟುಬಿಡು’ ಎಂದು ಬಂತು. ಹಾಗಾಗಿ ಎಂ.ಎ. ಬಿಡುವುದೆಂದು ಮುಕ್ಕಾಲು ಭಾಗ ತೀರ್ಮಾನಿಸಿಯಾಗಿತ್ತು. ಅರ್ಜಿಯ ಕೊನೆಯ ದಿನಕ್ಕೆ ಇನ್ನು ಒಂಬತ್ತು ದಿನಗಳಿದ್ದವು.

ನಕ್ಕು ಕಳುಹಿಸಿಬಿಡುವುದು ಸುಲಭವಿತ್ತು. ಆದರೆ ಕಾವ್ಯಮೀಮಾಂಸೆಯನ್ನು ಕಲಿಸುವವನು ಈ ಪ್ರಶ್ನೆಗೆ ನಗುವಂತಿಲ್ಲ. ಒಂದು ಮಾತು ಅದನ್ನು ಕೇಳಿದವರಿಗೆ ತಮ್ಮದೇ ಆದ ಅರ್ಥವನ್ನು ಹೇಗೆ ಕೊಡುತ್ತದೆ ಎಂಬುದೇ ಅಲ್ಲವೇ ನಾವು ಐಚ್ಛಿಕ ಪತ್ರಿಕೆಯಲ್ಲಿ ಓದುವುದು? ತೀ.ನಂ.ಶ್ರೀ.ಯವರ ‘ಭಾರತೀಯ ಕಾವ್ಯಮೀಮಾಂಸೆ’ ಪ್ರಕಟವಾದದ್ದು 1953ರಲ್ಲಿ. ಅಂದಿನಿಂದ ಎಷ್ಟು ಮಂದಿ ಅದರ ಧ್ವನಿಪ್ರಕರಣವನ್ನು ಅಂಕಗಳಿಗಾಗಿ ಕಂಠಪಾಠ ಮಾಡಿದ್ದಾರೋ! ಆ ಪ್ರಕರಣಕ್ಕೆ ಪರೀಕ್ಷೆಯ ಹೊರಗೂ ಕೆಲಸವಿದೆ ಎಂದು ತೋರಿಸುವ ಸಂದರ್ಭ ಇದು. ಅಂದು ಆಕೆಗೆ ಹೇಳಿದ್ದನ್ನು, ಹೇಳದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚೀಟಿಗಳ ವಂಶಾವಳಿಯನ್ನು ನಾಲ್ಕು ಮಾತಿನಲ್ಲಿ ಮುಗಿಸೋಣ. ಇವುಗಳ ಹಿರಿಯಕ್ಕ ಟ್ಯಾರೋ. 78 ಎಲೆಗಳ ಈ ಕಟ್ಟು 15ನೆಯ ಶತಮಾನದ ಇಟಲಿಯಲ್ಲಿ ಕೇವಲ ಆಟಕ್ಕೆಂದು ಹುಟ್ಟಿತು. ಅದರಿಂದ ಭವಿಷ್ಯ ನೋಡುವ ಪದ್ಧತಿ ವ್ಯಾಪಕವಾದದ್ದು 18ನೆಯ ಶತಮಾನದ ಕೊನೆಯ ಭಾಗದ ಫ್ರಾನ್ಸಿನಲ್ಲಿ. ಒರಾಕಲ್ ಚೀಟಿಗಳು ಇನ್ನೂ ಈಚಿನವು. ಇವುಗಳಿಗೆ ಇಂತಿಷ್ಟೇ ಎಲೆ, ಇಂಥದೇ ಕ್ರಮ ಎಂಬ ಕಟ್ಟಳೆಯಿಲ್ಲ. ಮಾಡಿದವರು ಇಟ್ಟದ್ದೇ ಲೆಕ್ಕ. ಹೆಸರಾದ ಕಟ್ಟುಗಳಲ್ಲಿ ಒಂದು 2001ರಲ್ಲಿ ಡೊರೀನ್ ವರ್ಚ್ಯೂ ಎಂಬ ಅಮೆರಿಕನ್ ಲೇಖಕಿ ಹೊರತಂದದ್ದು. ಅದರಲ್ಲಿ 44 ಚೀಟಿಗಳು. ಸ್ವಾರಸ್ಯದ ಸಂಗತಿಯೆಂದರೆ, ಆಕೆ 2017ರಲ್ಲಿ ಕ್ರೈಸ್ತ ಶ್ರದ್ಧೆಗೆ ತಿರುಗಿ ತನ್ನ ಚೀಟಿಗಳನ್ನು ತಾನೇ ತಿರಸ್ಕರಿಸಿದಳು. ಚೀಟಿಗಳು ಮಾತ್ರ ಕೈಯಿಂದ ಕೈಗೆ ಸಾಗುತ್ತಲೇ ಇವೆ, ಎತ್ತಿದವರಿಗೆ ಉತ್ತರ ಕೊಡುತ್ತಲೇ ಇವೆ. ಬರೆದವಳೇ ಕೈಬಿಟ್ಟ ಮೇಲೂ ಅರ್ಥ ಹುಟ್ಟುತ್ತಿದೆಯೆಂದರೆ ಅದರ ತವರು ಬೇರೆಲ್ಲೋ ಇರಬೇಕು.

ಆ ತವರನ್ನು ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ಗುರುತಿಸಿದ್ದರು. ‘ಕವಿರಾಜಮಾರ್ಗ’ವು 9ನೆಯ ಶತಮಾನದಲ್ಲಿಯೇ ಧ್ವನಿಯನ್ನು ಒಂದು ಅಲಂಕಾರವೆಂದು ಹೆಸರಿಸಿತು, ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಾಶ್ಮೀರದ ಆನಂದವರ್ಧನ ಅದನ್ನೇ ಕಾವ್ಯದ ಆತ್ಮವೆಂದ. 11ನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದ ಐದನೆಯ ಉಲ್ಲಾಸದಲ್ಲಿ ಒಂದು ಪುಟ್ಟ ವಾಕ್ಯವನ್ನು ಎತ್ತಿಕೊಂಡು ಚರ್ಚಿಸುತ್ತಾನೆ. ಸೂರ್ಯ ಮುಳುಗಿದ ಎಂಬುದಷ್ಟೇ ಆ ವಾಕ್ಯ. ವಾಚ್ಯಾರ್ಥ ಎಲ್ಲರಿಗೂ ಒಂದೇ. ಆದರೆ ಸೇನಾಪತಿಗೆ ಅದು ಶತ್ರುವಿನ ಮೇಲೆ ಬೀಳುವ ಹೊತ್ತು ಬಂತೆಂಬ ಸೂಚನೆ. ನಲ್ಲನನ್ನು ಕಾಣಲು ಹೊರಡುವ ಹೆಣ್ಣಿಗೆ ಹೊರಡು ಎಂಬ ಕರೆ. ಕೂಲಿಯವನಿಗೆ ಕೆಲಸ ಸಾಕು ಎಂದು, ದನಗಾಹಿಗೆ ಹಸುಗಳನ್ನು ಹಟ್ಟಿಗೆ ಹೊಡೆ ಎಂದು, ವ್ಯಾಪಾರಿಗೆ ಸರಕು ಎತ್ತಿಡು ಎಂದು, ಕರ್ಮನಿಷ್ಠನಿಗೆ ಸಂಧ್ಯಾವಂದನೆಯ ಸಮಯವೆಂದು ಅದು ಹೇಳುತ್ತದೆ. ಕಾದು ಕುಳಿತವಳಿಗೋ, ಅವನು ಇಂದೂ ಬರಲಿಲ್ಲ ಎಂದು. ವಾಕ್ಯ ಬದಲಾಗಿಲ್ಲ, ಕೇಳಿದ ಕಿವಿ ಬದಲಾಗಿದೆ.

ಅರ್ಥ ಹೀಗೆ ಕವಲೊಡೆಯಲು ಕಾರಣವಾಗುವ ಸಂಗತಿಗಳನ್ನು ಅದೇ ಗ್ರಂಥದ ಮೂರನೆಯ ಉಲ್ಲಾಸ ಎಣಿಸಿದೆ. ಹೇಳುವವನು ಯಾರು, ಅಂದರೆ ವಕ್ತೃ; ಯಾರಿಗೆ ಹೇಳಲಾಗುತ್ತಿದೆ, ಅಂದರೆ ಬೋದ್ಧವ್ಯ; ದನಿಯ ಏರಿಳಿತವಾದ ಕಾಕು; ವಾಕ್ಯ, ವಾಚ್ಯ; ಬಳಿಯಲ್ಲಿ ಇನ್ನಾರಿದ್ದಾರೆ ಎಂಬುದು; ಪ್ರಸ್ತಾವ, ದೇಶ, ಕಾಲ. ಪರೀಕ್ಷೆಗೆ ಈ ಪಟ್ಟಿಯನ್ನು ಬಾಯಿಪಾಠ ಮಾಡುವವರು ಒಮ್ಮೆ ಅದನ್ನು ಚೀಟಿಯ ಮೇಲೆ ಹಿಡಿದು ನೋಡಿದರೆ ಶಾಸ್ತ್ರ ತಾನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಮಮ್ಮಟನ ಉದಾಹರಣೆ ಪುಸ್ತಕದ್ದು ಎನ್ನುವವರು ವಿಜಯನಗರ ಜಿಲ್ಲೆಯ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ನೆರೆದ ಅಪಾರ ಜನ ಮೌನವಾದೊಡನೆ ಒಂದೇ ಒಂದು ಮಾತನ್ನಾಡಿ ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಅದೇ ಕಾರಣಿಕ. ಮಾತು ಚಿಕ್ಕದು, ಒಗಟಿನಂಥದು. ಅದನ್ನು ರೈತ ಮಳೆಬೆಳೆಯ ಮಾತಾಗಿ ತೆಗೆದುಕೊಳ್ಳುತ್ತಾನೆ, ವ್ಯಾಪಾರಿ ಧಾರಣೆಯ ಮಾತಾಗಿ, ರಾಜಕಾರಣಿ ಕುರ್ಚಿಯ ಮಾತಾಗಿ. ಮರುದಿನದ ಪತ್ರಿಕೆಗಳಲ್ಲಿ ಮೂರೂ ಅರ್ಥಗಳು ಅಕ್ಕಪಕ್ಕದಲ್ಲಿಯೇ ಅಚ್ಚಾಗಿರುತ್ತವೆ.

ಇಷ್ಟಾದರೂ ಮೈಲಾರಕ್ಕೂ ಚೀಟಿಗೂ ಒಂದು ದೊಡ್ಡ ಅಂತರವಿದೆ. ಮೈಲಾರದಲ್ಲಿ ವಕ್ತೃ ಇದ್ದಾನೆ. ವ್ರತ ಹಿಡಿದು ಬಂದ ಗೊರವ ಆತ. ಆತನ ಬಾಯಲ್ಲಿ ಮೈಲಾರಲಿಂಗನೇ ನುಡಿಯುತ್ತಾನೆಂಬ ನಂಬಿಕೆ ಇಡೀ ಸಮುದಾಯದ್ದು. ನಮ್ಮ ಕಾಸರಗೋಡಿನಲ್ಲಿ ದೈವ ನುಡಿಕೊಡುವಾಗಲೂ ಹಾಗೆಯೇ: ನುಡಿಯುವವರು ಎದುರಿಗಿದ್ದಾರೆ, ಕೇಳುವವರು ಊರವರು, ನುಡಿ ತಪ್ಪಿದರೆ ಪ್ರಶ್ನಿಸಲು ಮರುವರ್ಷದ ಕೋಲ ಇದೆ. ಚೀಟಿಯಲ್ಲಿ ವಕ್ತೃವಿನ ಪೀಠ ಬರಿದು. ಅಚ್ಚು ಹಾಕಿದವರಿಗೆ ನೀವು ಯಾರೆಂದು ತಿಳಿಯದು. ಚಿತ್ರ ಬಿಡಿಸಿದವರಿಗೆ ಮೊಗ್ರಾಲ್ ಎಲ್ಲಿದೆಯೆಂದು ತಿಳಿಯದು. ಬರಿದಾದ ಆ ಪೀಠದಲ್ಲಿ, ತನಗರಿವಿಲ್ಲದೆಯೇ, ಬೋದ್ಧವ್ಯನೇ ಹೋಗಿ ಕೂರುತ್ತಾನೆ. ಹೇಳುವವನೂ ತಾನೇ, ಕೇಳುವವನೂ ತಾನೇ. ಆದರೆ ದನಿ ಮಾತ್ರ ಹೊರಗಿನಿಂದ ಬಂದಂತೆ ಕೇಳಿಸುತ್ತದೆ. ಚೀಟಿಯ ಶಕ್ತಿ ಇರುವುದು ಇಲ್ಲಿ, ಅಪಾಯವೂ ಇಲ್ಲಿಯೇ.

ಇದನ್ನು ಮನಶ್ಶಾಸ್ತ್ರ ಬೇರೊಂದು ದಾರಿಯಿಂದ ಕಂಡುಕೊಂಡಿತು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆಯೊಂದನ್ನು ಕೊಟ್ಟು, ಕೆಲವು ದಿನಗಳ ಬಳಿಕ ಪ್ರತಿಯೊಬ್ಬರಿಗೂ ಅವರವರ ಸ್ವಭಾವವರ್ಣನೆಯೆಂದು ಒಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ ಎಂದು ಐದರಲ್ಲಿ ಅಂಕ ಹಾಕಲು ಹೇಳಿದಾಗ ಸರಾಸರಿ 4.26 ಬಂತು. ನಿಜವಾಗಿ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ಬಹುಭಾಗವನ್ನು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಆಯ್ದುಕೊಂಡಿದ್ದ. ಎಲ್ಲರಿಗೂ ಸಲ್ಲುವ ಮಾತು ತನಗೊಬ್ಬನಿಗೇ ಸಂದಂತೆ ತೋರುವುದು ದಡ್ಡತನದಿಂದಲ್ಲ. ಅರ್ಥ ಮಾಡಿಕೊಳ್ಳುವುದೇ ಮನಸ್ಸಿನ ವೃತ್ತಿ. ಖಾಲಿ ಬಿಟ್ಟ ಜಾಗವನ್ನು ಅದು ತನ್ನ ಬದುಕಿನಿಂದಲೇ ತುಂಬುತ್ತದೆ. ಓದುಗನೊಬ್ಬ ಕವಿತೆಯನ್ನು ತನ್ನದಾಗಿಸಿಕೊಳ್ಳುವುದೂ ಇದೇ ಶಕ್ತಿಯಿಂದ ಎಂಬುದನ್ನು ಮರೆಯಬಾರದು.

ಕೈಪಿಡಿಯ ಮಾತಿಗೆ ಬರೋಣ. ಅದು ನಿಘಂಟು ಇದ್ದಂತೆ: ಕೊಳವೆಂದರೆ ಭಾವನೆ, ಪೆಟ್ಟಿಗೆಯೆಂದರೆ ಹಳೆಯ ಹೊರೆ, ಇತ್ಯಾದಿ. ಇಂತಹ ನಿಘಂಟು ನಮಗೆ ಹೊಸತಲ್ಲ. ಪಂಪನ ‘ಆದಿಪುರಾಣ’ದಲ್ಲಿ ಮರುದೇವಿ ಹದಿನಾರು ಕನಸುಗಳನ್ನು ಕಾಣುತ್ತಾಳೆ, ಅವುಗಳಲ್ಲಿ ಮೂಡುವ ಸೂರ್ಯನಿದ್ದಾನೆ, ತಾವರೆಗೊಳವಿದೆ. ನಾಭಿರಾಜ ಅವುಗಳ ಫಲವನ್ನು ಬಿಡಿಸಿ ಹೇಳುತ್ತಾನೆ: ತೀರ್ಥಂಕರನು ಮಗನಾಗಿ ಹುಟ್ಟುವನು. ದೇವಚಂದ್ರನ ‘ರಾಜಾವಳೀ ಕಥೆ’ಯಲ್ಲಿ ಚಂದ್ರಗುಪ್ತ ಕಾಣುವುದೂ ಹದಿನಾರು ಕನಸುಗಳನ್ನೇ. ಅಲ್ಲಿ ಸೂರ್ಯ ಮುಳುಗುತ್ತಿದ್ದಾನೆ, ಕೆರೆ ಬತ್ತಿದೆ, ಹನ್ನೆರಡು ಹೆಡೆಯ ಹಾವು ಸಮೀಪಿಸುತ್ತಿದೆ. ಭದ್ರಬಾಹು ಆ ಹಾವಿನಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಕಂಡ. ಎರಡರಲ್ಲೂ ಸೂರ್ಯನಿದ್ದಾನೆ, ನೀರಿನ ತಾಣವಿದೆ. ಒಂದು ಬಸಿರಿನ ಕನಸು, ಇನ್ನೊಂದು ರಾಜ್ಯವೊಂದರ ಇಳಿಹೊತ್ತಿನ ಕನಸು. ‘ವಡ್ಡಾರಾಧನೆ’ಯ ಭದ್ರಬಾಹು ಭಟಾರರ ಕಥೆಯನ್ನು ಓದಿದವರಿಗೆ ಇನ್ನೊಂದು ಪ್ರಸಂಗ ನೆನಪಿರಬೇಕು. ಭಿಕ್ಷೆಗೆ ಹೋದ ಮನೆಯಲ್ಲಿ ತೊಟ್ಟಿಲ ಕೂಸು ಹೊರಟುಹೋಗುವಂತೆ ಹೇಳುತ್ತದೆ. ಭಟಾರರು ಅದನ್ನು ನಿಮಿತ್ತವೆಂದು ಹಿಡಿದು, ಬರಲಿರುವ ಬರಗಾಲವನ್ನು ತಿಳಿದು, ಸಂಘವನ್ನು ತೆಂಕಣಕ್ಕೆ ಹೊರಡಿಸುತ್ತಾರೆ. ಕೂಸಿನ ಬಾಯಿಯ ಮಾತು ಎಲ್ಲ ಮನೆಗಳಲ್ಲೂ ಇರುವುದೇ. ಸಂಘದ ಹೊಣೆಯನ್ನು ಹೊತ್ತವರ ಕಿವಿಗೆ ಅದು ಬಿದ್ದುದು ವಿಶೇಷ.

ಇನ್ನು ದೇಶ. ನಾನು ಓದಿದ್ದು ನಿಪ್ಪಾಣಿಯ ಕಡೆ. ನಾಲ್ಕನೆಯ ತರಗತಿಯವರೆಗೆ ಮರಾಠಿ ಶಾಲೆ, ಆಮೇಲೆ ಕನ್ನಡ ಶಾಲೆ. ಮರಾಠಿಯಲ್ಲಿ ‘ಪರೀ’ ಎಂದರೆ ರೆಕ್ಕೆಯುಳ್ಳ ಚೆಲುವೆ. ಪಾರಸಿಯಿಂದ ಬಂದ ಮಾತು. ಕನ್ನಡದ ಪದ್ಯದಲ್ಲಿ ‘ಪರಿ’ ಎಂದು ಬಂದಾಗಲೆಲ್ಲ ಐದನೆಯ ತರಗತಿಯ ನಾನು ಅಂತಹ ಒಬ್ಬಳನ್ನು ಕಲ್ಪಿಸಿಕೊಂಡು ಕುಳಿತಿರುತ್ತಿದ್ದೆ. ರೀತಿ, ಬಗೆ ಎಂಬ ಅರ್ಥ ತಿಳಿದ ದಿನ ಪದ್ಯಗಳು ಸ್ವಲ್ಪ ಬಡವಾದವು ಎನ್ನಿಸಿತು. ಅದೇ ಮರಾಠಿಯಲ್ಲಿ ನೀರಿನ ಬಳಿಯ ಹೆಣ್ಣಿಗೆ ಇನ್ನೊಂದು ಹೆಸರಿದೆ: ‘ಆಸರಾ’. ಅಪ್ಸರೆಯೇ ಸವೆದು ಆಸರಾ ಆದದ್ದು. ಬಾವಿ ಹೊಳೆಗಳ ಬಳಿ ಏಳು ಮಂದಿ ಆಸರಾ ಇರುತ್ತಾರೆಂದು ಅವರಿಗೆ ಏಳು ಕಲ್ಲುಗಳನ್ನಿಟ್ಟು ಪೂಜೆ ಸಲ್ಲಿಸುತ್ತಾರೆ. ಪ್ರೀತಿಗಿಂತ ಹೆಚ್ಚಾಗಿ ಭಯದಿಂದ.

ಕಾಸರಗೋಡಿಗೆ ಬಂದರೆ ಕೊಳದ ದಡದ ಒಂಟಿ ಹೆಣ್ಣು ಯಕ್ಷಿಯಾಗುತ್ತಾಳೆ. ಪಾಲೆಮರದಲ್ಲಿ ವಾಸ, ದಾರಿಹೋಕನನ್ನು ನಿಲ್ಲಿಸಿ ಸುಣ್ಣ ಕೇಳುತ್ತಾಳೆ, ಕೊಟ್ಟವನು ಮನೆ ಸೇರುವುದಿಲ್ಲ. ಇದೇ ಜಿಲ್ಲೆಯ ಚೆರುವತ್ತೂರಿನ ಕಡೆಯ ಶಿಲ್ಪಿ ಕಾನಾಯಿ ಕುಞ್ಞಿರಾಮನ್ 1969ರಲ್ಲಿ ಮಲಂಪುಳದ ಉದ್ಯಾನದಲ್ಲಿ ಕಡೆದ ಬೃಹತ್ ಯಕ್ಷಿಯ ಎದುರು ನಿಂತವರಿಗೆ ಈ ಕಥೆಯನ್ನು ಯಾರೂ ಹೇಳಬೇಕಾಗಿಲ್ಲ. ಮಾಪ್ಪಿಳ ಹಾಡುಗಳಿಗೆ ಹೆಸರಾದ ಮೊಗ್ರಾಲಿನಲ್ಲಿಯೇ, ಮೋಯಿನ್‌ಕುಟ್ಟಿ ವೈದ್ಯರು 1872ರಲ್ಲಿ ಕಟ್ಟಿದ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಕಥೆಯನ್ನು ಕೇಳಿ ಬೆಳೆದ ಹುಡುಗಿಗೆ ರೆಕ್ಕೆಯ ಆಕೃತಿ ಜಿನ್ನುಗಳ ಲೋಕವನ್ನು ನೆನಪಿಗೆ ತಂದೀತು. ಘಟ್ಟ ಹತ್ತಿ ಹೊಸನಗರ ತಾಲ್ಲೂಕಿನ ಹುಂಚಕ್ಕೆ ಹೋಗಿ ನೋಡಿ: ಅಲ್ಲಿ ಯಕ್ಷಿಯೆಂದರೆ ಪಾರ್ಶ್ವನಾಥನ ಶಾಸನದೇವತೆ ಪದ್ಮಾವತಿ. ಮನಸ್ಸಿನಲ್ಲಿ ಪ್ರಶ್ನೆಯಿಟ್ಟು ಕೈಮುಗಿದಾಗ ದೇವಿಯ ಬಲಗಡೆಯಿಂದ ಹೂ ಬಿದ್ದರೆ ಒಪ್ಪಿಗೆಯೆಂದು ಭಕ್ತರ ನಂಬಿಕೆ. ಕನ್ನಡನಾಡಿನಲ್ಲಿ ಯಕ್ಷಿಯನ್ನು ಕೇಳಿ ಉತ್ತರ ಪಡೆಯುವ ಪದ್ಧತಿ ಉಂಟೇ ಎಂದರೆ, ಉಂಟು. ಅದಕ್ಕೆ ಅಚ್ಚಿನ ಚೀಟಿ ಬೇಕಾಗಿಲ್ಲ.

ಹೂವಿನಿಂದ ಕೇಳುವ ಈ ಕ್ರಮಕ್ಕೆ ಕೊಂಕಣ ಗೋವೆಗಳಲ್ಲಿ ‘ಕೌಲ’ ಎನ್ನುತ್ತಾರೆ. ನಮ್ಮ ಕಂದಾಯ ದಾಖಲೆಗಳ ಗೇಣಿಯ ‘ಕೌಲು’ ಕೂಡ ಅದೇ ಪದ. ಅರಬ್ಬಿಯಲ್ಲಿ ಮೂಲದ ಅರ್ಥ ಮಾತು, ನುಡಿ. ದೇವರು ಕೊಟ್ಟ ಮಾತು, ಜಮೀನುದಾರ ಕೊಟ್ಟ ಮಾತು ಎರಡೂ ಒಂದೇ ಹೆಸರಿನಲ್ಲಿ ನಿಂತಿವೆ. ಮಾತು ಕೊಟ್ಟವರು ಇದ್ದರೆ ಮಾತ್ರ ಕೌಲು. ಚೀಟಿಯಲ್ಲಿ ಕೊಟ್ಟವರಿಲ್ಲ ಎಂಬುದನ್ನು ಮತ್ತೆ ನೆನಪಿಸಿಕೊಳ್ಳಿ.

ಆ ಬರಿದಾದ ಪೀಠಕ್ಕೆ ಯಾರಾದರೂ ಬಂದು ಕೂತರೆ ಏನಾಗುತ್ತದೆ? ಪ್ರಶ್ನಶಾಸ್ತ್ರವನ್ನು ಗಮನಿಸಿ. ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುನ್ನ ಅಷ್ಟಮಂಗಲ ಪ್ರಶ್ನೆ ಇಡುವುದು ವಾಡಿಕೆ. ಇದಕ್ಕೆ ಆಧಾರವಾದ ‘ಪ್ರಶ್ನಮಾರ್ಗ’ ಕಣ್ಣೂರಿನ ಕಡೆ 1649ರಲ್ಲಿ ರಚಿತವಾದ ಗ್ರಂಥ. ಕವಡೆ, ರಾಶಿಚಕ್ರಗಳ ಲೆಕ್ಕ ಅದರಲ್ಲಿದೆ. ಜೊತೆಗೆ ಪ್ರಶ್ನೆ ಕೇಳಲು ಬಂದವನು ಯಾವ ದಿಕ್ಕಿನಲ್ಲಿ ನಿಂತ, ಮೊದಲು ಯಾವ ಅಕ್ಷರವನ್ನಾಡಿದ, ಯಾವ ಅಂಗವನ್ನು ಮುಟ್ಟಿಕೊಂಡ ಎಂಬುದನ್ನೂ ದೈವಜ್ಞ ಗಮನಿಸಬೇಕೆಂಬ ವಿಧಿಯಿದೆ. ಗ್ರಹಗಳ ವಿಚಾರದಲ್ಲಿ ನಿಮ್ಮ ನಂಬಿಕೆ ಏನೇ ಇರಲಿ, ಈ ವಿಧಿ ಒಂದು ಸತ್ಯವನ್ನು ಒಪ್ಪಿಕೊಂಡಿದೆ: ಓದಬೇಕಾದ ಪಠ್ಯಗಳಲ್ಲಿ ಪ್ರಶ್ನೆ ಕೇಳಿದವನೂ ಒಂದು. ಅಷ್ಟಮಂಗಲದ ಎಂಟು ವಸ್ತುಗಳಲ್ಲಿ ಕನ್ನಡಿಯೂ ಸೇರಿರುವುದು ನನಗೆ ಯಾವಾಗಲೂ ಅರ್ಥಪೂರ್ಣವಾಗಿ ತೋರಿದೆ. ಆದರೆ ಕನ್ನಡಿ ಹಿಡಿಯುವವನಿಗೆ ಬಿಂಬವನ್ನು ಓರೆ ಮಾಡುವ ಅವಕಾಶವೂ ಇದೆ. ಹಣ ತೆಗೆದುಕೊಂಡು ಚೀಟಿ ಓದುವವರು ಈಗ ಫೋನಿನಲ್ಲೂ ಸಿಗುತ್ತಾರೆ. ಅವರು ಮೊದಲು ಕೇಳುವ ಎರಡು ಪ್ರಶ್ನೆಗಳಿಗೆ ನೀವು ಕೊಡುವ ಉತ್ತರವೇ ಮೂರನೆಯ ಮಾತಾಗಿ ‘ಭವಿಷ್ಯ’ದ ರೂಪದಲ್ಲಿ ಮರಳಿ ಬರುತ್ತದೆ.

ಚೀಟಿಯನ್ನು ತನ್ನದಾಗಿ ಓದಿದ ಒಬ್ಬರನ್ನು ನಾನು ಬಲ್ಲೆ: ನನ್ನ ಆಜಿ. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಹೊರಗೆ ನಿಂತರು. ಅವರಲ್ಲಿ ನನ್ನ ಕಾಕಾ ಒಬ್ಬರು. ಮಳೆಗಾಲದ ಹೊತ್ತಿಗೆ ಅವರ ಕಾಗದ ಬರುವುದು ನಿಂತುಹೋಯಿತು. ಸಂತೆಯ ದಿನ ಆಜಿ ನನ್ನನ್ನು ಜೊತೆಗೆ ಕರೆದುಕೊಂಡು ಗಿಣಿಶಾಸ್ತ್ರದವನ ಮುಂದೆ ಕುಳಿತಳು. ಗಿಣಿ ಪಂಜರದಿಂದ ಹೊರಬಂದು, ಸಾಲಾಗಿ ಜೋಡಿಸಿದ ಚೀಟಿಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು, ಭತ್ತದ ಕಾಳನ್ನು ತಿಂದು ಒಳಗೆ ಹೋಯಿತು. ಇಂದು ಈ ದೃಶ್ಯ ಅಪರೂಪ. 1972ರ ವನ್ಯಜೀವಿ ಕಾಯಿದೆಯಂತೆ ನಮ್ಮ ಕಾಡಿನ ಗಿಣಿಯನ್ನು ಪಂಜರದಲ್ಲಿಡುವಂತಿಲ್ಲ. ಚೀಟಿಯಲ್ಲಿದ್ದುದು ಅಶೋಕವನದ ಸೀತೆ, ಎದುರಿಗೆ ಉಂಗುರ ನೀಡುತ್ತಿರುವ ಮಾರುತಿ. ಸುದ್ದಿ ಬರುತ್ತದೆ, ಶುಭವಾಗುತ್ತದೆ ಎಂದು ಅವನು ಹೇಳಿದ. ಆಜಿ ನಾಲ್ಕಾಣೆ ಕೊಟ್ಟು ಎದ್ದಳು. ದಾರಿಯಲ್ಲಿ ಬಹಳ ದೂರ ಮಾತಾಡಲಿಲ್ಲ. ಆಮೇಲೆ, “ಉಂಗರಾ ಬಂತಪ್ಪಾ. ಸೀತಾ ಇನ್ನೂ ಅಲ್ಲೇ ಕುಂತಾಳ” ಎಂದಳು.

ಗಿಣಿಯವನ ಅರ್ಥ ಚೀಟಿಯ ಬೆನ್ನ ಮೇಲೆ ಬರೆದಿದ್ದ ಅರ್ಥ. ಆಜಿ ಚಿತ್ರವನ್ನು ನೋಡಿದ್ದಳು. ತನ್ನ ಭಯ ಯಾವುದೆಂದು ಆ ಚಿತ್ರದಿಂದ ತಿಳಿದುಕೊಂಡಿದ್ದಳು. ಕಾಗದ ಬಾರದಿರುವುದಲ್ಲ, ಮಗ ಬಾರದಿರುವುದು ಆ ಭಯ. ಅದು ತಿಳಿದ ಮೇಲೆ ಶುಭವನ್ನು ಕಾಯುತ್ತಾ ಅವಳು ಕೂರಲಿಲ್ಲ. ಮರುವಾರವೇ ಅಜ್ಜನನ್ನು ಕೊಲ್ಹಾಪುರದಿಂದ ರೈಲು ಹತ್ತಿಸಿದಳು. ಕಾಕಾ ಊರಿಗೆ ಬಂದರು, ತಂಬಾಕಿನ ಗೋದಾಮಿನಲ್ಲಿ ಕೆಲಸ ಹಿಡಿದರು. ಗಿಣಿ ಸರಿಯಾಗಿ ಹೇಳಿತೇ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮತ್ತೆ ಮೇಜಿನ ಮೇಲಿನ ಚೀಟಿಗೆ. ನಾನು ವಿದ್ಯಾರ್ಥಿನಿಯನ್ನು ಮೊದಲು ಕೇಳಿದ್ದು ವ್ಯಾಕರಣದ ಪ್ರಶ್ನೆ. ‘ಬಿಡು’ ಸಕರ್ಮಕ ಧಾತು. ‘ಬಿಟ್ಟುಬಿಡು’ ಎಂಬ ವಾಕ್ಯದಲ್ಲಿ ಕರ್ಮಪದ ಎಲ್ಲಿದೆ? ಅವಳು ಚೀಟಿಯನ್ನು ತಿರುಗಿಸಿ ನೋಡಿದಳು. ಇರಲಿಲ್ಲ. ‘ಎಂ.ಎ.ಯನ್ನು’ ಎಂಬ ದ್ವಿತೀಯಾಂತವನ್ನು ಅಧ್ಯಾಹಾರ ಮಾಡಿಕೊಂಡವಳು ತಾನೇ ಎಂಬುದು ಆಗ ಅವಳಿಗೆ ಹೊಳೆಯಿತು. ‘ಕಚೇರಿ ಕೆಲಸವನ್ನು’ ಎಂದೋ ‘ಹೆದರಿಕೆಯನ್ನು’ ಎಂದೋ ತುಂಬಿದ್ದರೂ ವಾಕ್ಯ ಅಷ್ಟೇ ಪೂರ್ಣವಾಗುತ್ತಿತ್ತು. ಎರಡನೆಯದಾಗಿ, ಚೀಟಿಯನ್ನು ಮಗುಚಿದಾಗ ಅಕ್ಷರ ಓದುವ ಮುನ್ನ ಕಣ್ಣು ಎಲ್ಲಿಗೆ ಹೋಯಿತೆಂದು ಕೇಳಿದೆ. ಪೆಟ್ಟಿಗೆಯ ಮೇಲೆ ಎಂದಳು. ಅಕ್ಷರ ಓದಿದಾಗ ಮನಸ್ಸು ಹಗುರವಾಯಿತೋ ಭಾರವಾಯಿತೋ ಎಂದೆ. “ಅಳು ಬಂತು ಸರ್” ಎಂದಳು. ಚೀಟಿಯಿಂದ ಸಿಗಬಹುದಾದ ನಿಜವಾದ ಸಮಾಚಾರ ಅದೊಂದೇ ಎಂದು ನನಗೆ ತೋರುತ್ತದೆ. ಬಿಡು ಎಂದು ಹೊರಗಿನಿಂದ ಕೇಳಿಬಂದಾಗ ಒಳಗೆ ಯಾವುದು ಎಳೆಯಿತು ಎಂಬ ಸಮಾಚಾರ.

ಇಲ್ಲಿ ನನ್ನ ಸ್ವಾರ್ಥವನ್ನೂ ಹೇಳಿಬಿಡಬೇಕು. ಕಾಸರಗೋಡಿನ ಕನ್ನಡ ಉಪನ್ಯಾಸಕನಿಗೆ ಒಬ್ಬ ವಿದ್ಯಾರ್ಥಿನಿ ಎಂ.ಎ.ಗೆ ಹೋಗುವುದು ಸಣ್ಣ ಸಂಗತಿಯಲ್ಲ. ‘ನೋಡು, ನಿನ್ನ ಅಳುವೇ ಉತ್ತರ, ಅರ್ಜಿ ಹಾಕು’ ಎನ್ನುವುದು ನಾಲಗೆಯ ತುದಿಯವರೆಗೆ ಬಂದಿತ್ತು. ಹಾಗೆಂದಿದ್ದರೆ ಬರಿದಾದ ಪೀಠದಲ್ಲಿ ನಾನೇ ಹೋಗಿ ಕುಳಿತಂತಾಗುತ್ತಿತ್ತು. ಅಳು ಆಸೆಯನ್ನು ತಿಳಿಸುತ್ತದೆ. ಮನೆಯ ಲೆಕ್ಕವನ್ನು ತಿಳಿಸುವುದಿಲ್ಲ. ಅವಳ ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಾರೆ. ಮಂಗಳೂರಿನ ಕೆಲಸದ ಸಂಬಳವೆಷ್ಟು, ಎಂ.ಎ.ಯ ಶುಲ್ಕವೆಷ್ಟು, ವಿದ್ಯಾರ್ಥಿವೇತನಕ್ಕೆ ಅರ್ಹತೆ ಇದೆಯೇ, ಅರ್ಜಿ ಹಾಕಿ ಸೀಟು ಸಿಕ್ಕಿದ ಮೇಲೆ ತೀರ್ಮಾನಿಸಿದರೆ ಮಾವನವರು ಅಲ್ಲಿಯವರೆಗೆ ಕಾಯುತ್ತಾರೆಯೇ: ಇವು ಧ್ವನಿಯ ಪ್ರಶ್ನೆಗಳಲ್ಲ, ವಾಚ್ಯದ ಪ್ರಶ್ನೆಗಳು. ಕೇಳಿದರೆ ಉತ್ತರ ಹೇಳುವ ಮನುಷ್ಯರು ಇದ್ದಾರೆ. ಅವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಕಚೇರಿಯ ಗುಮಾಸ್ತರನ್ನು ಅಂದೇ ನೋಡಿದಳು. ಮಾವನೊಡನೆ ರವಿವಾರ ಮಾತಾಡುವುದೆಂದಾಯಿತು.

ಚೀಟಿಯನ್ನು ಎತ್ತಿಕೊಂಡು ಬಾಗಿಲವರೆಗೆ ಹೋದವಳು ಮತ್ತೆ ತಿರುಗಿ ನಿಂತಳು.

“ಅಮ್ಮ ಇದನ್ನು ನೋಡಿ ಎಂತ ಹೇಳಿದರು ಗೊತ್ತುಂಟಾ ಸರ್? ‘ಮುಸ್ಸಂಜೆ ಹೊತ್ತಿನಲ್ಲಿ ನೀರಿನ ಬದಿಯಲ್ಲಿ ಒಬ್ಬಳೇ ಯಾಕೆ ಕೂತದ್ದು ಇವಳು? ಮನೆಗೆ ಹೋಗ್ಲಿಕ್ಕೆ ಹೇಳು’ ಅಂತ.”